ಗೀಳು ರೋಗದ ಚಿಕಿತ್ಸೆಯಲ್ಲಿ ಮನೋವಿಶ್ಲೇಷಣೆಯನ್ನು ಬಳಸುವ ಬಗೆ

ವಿಜಯಪುರದ ಒಂದು ಮನೆಯನ್ನು ಊಹಿಸಿಕೊಳ್ಳಿ. ರಾತ್ರಿ ಹನ್ನೊಂದಾದರೂ ಮಗ ಮಲಗಿಲ್ಲ, ಗ್ಯಾಸ್ ರೆಗ್ಯುಲೇಟರನ್ನು ಮುಟ್ಟಿ ನೋಡಿ, ಕೋಣೆಗೆ ಹೋಗಿ, ಮತ್ತೆ ಅಡುಗೆಮನೆಗೆ ಬಂದು, ಕೊನೆಗೆ ತಾಯಿಯನ್ನೇ ಎಬ್ಬಿಸುತ್ತಾನೆ: “ಯವ್ವಾ, ಗ್ಯಾಸ್ ಬಂದ್ ಆಗೇತೇನ ನೋಡ ಬಾ.” “ಆಗೇತಪಾ, ಮಲ್ಕೋ” ಎಂದು ಆಕೆ ಹೇಳಿದ ಮೇಲೆ ಅವನಿಗೆ ಹತ್ತು ನಿಮಿಷ ನೆಮ್ಮದಿ. ತಾನು ಎಚ್ಚರ ತಪ್ಪಿದರೆ ಬೆಂಕಿ ಬಿದ್ದು ತಾಯಿ ಸಾಯುತ್ತಾಳೆಂಬ ಯೋಚನೆ ಅವನನ್ನು ಬಿಡದು. ಬೇಡವೆಂದರೂ ಮರಳಿ ಬರುವ ಇಂಥ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಪರೀಕ್ಷೆ, ಇದೇ ಗೀಳು ರೋಗ (ಒಸಿಡಿ).

ಮೊದಲು ಮನೋವೈದ್ಯರನ್ನು ಕಾಣಬೇಕು. ಗೀಳು ರೋಗಕ್ಕೆ ಗಟ್ಟಿ ಪುರಾವೆಯಿರುವುದು ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳಿಗೆ, ಮತ್ತು ಭಯವನ್ನು ಎದುರಿಸಿಯೂ ಪರೀಕ್ಷಿಸದೆ, ತೊಳೆಯದೆ ಇರುವುದನ್ನು ಹಂತಹಂತವಾಗಿ ಕಲಿಸುವ ವರ್ತನಾ ಚಿಕಿತ್ಸೆಗೆ. ಮಾತ್ರೆಯ ಗುಣ ತಿಳಿಯಲು 8ರಿಂದ 12 ವಾರ ಬೇಕಾಗಬಹುದಾದ್ದರಿಂದ ಹದಿನೈದು ದಿನಕ್ಕೇ ಕೈಬಿಡಬಾರದು. ಮನಸ್ಸಿನಲ್ಲಿ ಅಡಗಿದ ಭಾವನೆಗಳನ್ನು ಮಾತಿನ ಮೂಲಕ ಅರಿಯುವ ಮನೋವಿಶ್ಲೇಷಣೆಯನ್ನು ಇವುಗಳ ಜೊತೆಗಿಡಬೇಕೇ ಹೊರತು ಇವುಗಳ ಬದಲಿಗಲ್ಲ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಹಾಗಾದರೆ ಮನೋವಿಶ್ಲೇಷಣೆ ಕೊಡುವುದೇನು? ಅದನ್ನು ಹುಟ್ಟುಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ ವೃತ್ತಾಂತದ ರೋಗಿ, ತಾನು ಪ್ರೀತಿಸಿದವಳ ಗಾಡಿಗೆ ತಗುಲೀತೆಂದು ದಾರಿಯ ಕಲ್ಲೊಂದನ್ನು ಬದಿಗೆ ಸರಿಸಿದ. ಸ್ವಲ್ಪ ಹೊತ್ತಿಗೆ ಅದು ಅರ್ಥಹೀನವೆನಿಸಿ, ಹಿಂದಿರುಗಿ ನಡುದಾರಿಯಲ್ಲೇ ಇಟ್ಟ. ಮರಳಿ ಇಟ್ಟದ್ದೂ ರೋಗದ ಭಾಗವೇ ಎಂದು ಫ್ರಾಯ್ಡ್ ಗುರುತಿಸಿದರು: ಸರಿಸಿದ್ದು ಪ್ರೀತಿ, ಇಟ್ಟದ್ದು ಒಪ್ಪಿಕೊಳ್ಳಲಾಗದ ಸಿಟ್ಟು. ಕೆಟ್ಟದ್ದನ್ನು ಯೋಚಿಸುವುದೂ ಮಾಡುವುದೂ ಒಂದೇ ಎಂದು ನಂಬಿದ ಮನಸ್ಸು ಹಗಲಿರುಳು ಪ್ರಾಯಶ್ಚಿತ್ತ ಮಾಡುತ್ತಿರುತ್ತದೆ. ಗೀಳೆಲ್ಲಕ್ಕೂ ಇದೇ ಮೂಲವೆಂದು ಇಂದು ಹೇಳಲಾಗದು, ಆದರೂ ಕೆಟ್ಟ ಯೋಚನೆ ಬಂತಲ್ಲಾ ಎಂಬ ನಾಚಿಕೆಯನ್ನು ಇಷ್ಟು ಹತ್ತಿರದಿಂದ ಕಂಡ ವಿವರಣೆ ನನಗೆ ಬೇರೆ ಸಿಕ್ಕಿಲ್ಲ.

ಆದ್ದರಿಂದ ಚಿಕಿತ್ಸಕರೆದುರು ಯೋಚನೆಯನ್ನು ಬಂದ ಹಾಗೆಯೇ, ಸೋಸದೆ ಹೇಳಬೇಕು. “ಅವ್ವ ಸತ್ತರೆ” ಎಂಬ ಮಾತನ್ನು ಯಾರೂ ಬೆಚ್ಚಿಬೀಳದೆ ಕೇಳಿಸಿಕೊಂಡಾಗ, ಯೋಚನೆ ಕೃತ್ಯವಲ್ಲವೆಂಬುದು ಅನುಭವಕ್ಕೆ ಬರತೊಡಗುತ್ತದೆ. ಚಿಕಿತ್ಸಕರ ಮೇಲೆ ಬಂದ ಸಿಟ್ಟನ್ನೂ, ಮಾತ್ರೆ ನುಂಗಲಾರೆನೆಂದು ಹುಟ್ಟುವ ಹಟವನ್ನೂ ಅಲ್ಲಿಯೇ ಹೇಳಬೇಕು.

ಇಲ್ಲಿ ಒಂದು ಅಪಾಯವಿದೆ. “ಏಕೆ ಹೀಗೆ” ಎಂದು ಮೂಲ ಹುಡುಕುವುದೇ ಹೊಸ ಗೀಳಾಗಬಹುದು. ಉತ್ತರ ಸಿಕ್ಕಿತೋ ಇಲ್ಲವೋ ಎಂದು ತಾಸುಗಟ್ಟಲೆ ಮನಸ್ಸಿನಲ್ಲೇ ಪರೀಕ್ಷಿಸುತ್ತಿದ್ದರೆ ಅದನ್ನೂ ರೆಗ್ಯುಲೇಟರಿನಂತೆಯೇ ಕಂಡು, ಉತ್ತರವಿಲ್ಲದೆ ಬಿಡುವುದನ್ನು ಅಭ್ಯಾಸ ಮಾಡಬೇಕು.

ಮನೆಯವರು “ನಿನಗ ನನ್ನ ಮ್ಯಾಲೆ ಸಿಟ್ಟದ” ಎಂದು ಅರ್ಥ ಹಚ್ಚಬಾರದು. ಅದು ಅವನ ಅಪರಾಧಭಾವವನ್ನೇ ಹೆಚ್ಚಿಸುತ್ತದೆ. ಚಿಕಿತ್ಸಕರೊಂದಿಗೆ, ಮಗನ ಒಪ್ಪಿಗೆಯಿಂದ ಮೊದಲೇ ಮಾತಾಡಿಕೊಂಡು ಭರವಸೆಯ ಉತ್ತರವನ್ನು ಕಡಿಮೆ ಮಾಡುತ್ತ ಬರಬೇಕು: ಈ ವಾರ ರಾತ್ರಿಗೆ ಒಂದೇ ಸಲ, ಮುಂದಿನ ವಾರ ತಾಯಿ ಏಳದೆ, “ಅಂಜಿಕಿ ಬಂದೈತಿ, ಗೊತ್ತೈತಿ, ಮಲ್ಕೋಪಾ” ಎನ್ನುವುದಷ್ಟೇ.