ಡಿಲೀಟ್ ಮಾಡು ಅಂದ್ರು, ಮಾಡ್ಬಿಟ್ಟೆ: ಹಾಸನದ ರಸ್ತೇಲಿ ಫೋಟೊ ತೆಗೆಯೋವಾಗ ಆದ ನನ್ನ ಅನುಭವ

ಹೋದ ವರ್ಷ ಹಾಸನಾಂಬೆ ಬಾಗ್ಲು ಹಾಕಿ ಒಂದು ವಾರ ಆಗಿತ್ತು ಅಷ್ಟೆ. ಮದ್ವೆ ಆರ್ಡರ್ ಇಲ್ದಿರೋ ದಿನ ನಾನು ಬೆಳಿಗ್ಗೆ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗ್ತೀನಿ, ಚಳಿಗಾಲದಲ್ಲಿ ಆ ಹೊತ್ತಿಗೆ ಮಂಜು ಇನ್ನೂ ಪೂರ್ತಿ ಬಿಟ್ಟಿರಲ್ಲ, ಸೊಪ್ಪಿನ ಕಟ್ಟಿಂದ ನೀರು ಇಳೀತಿರುತ್ತೆ, ಹೂವಿನವ್ರು ಮಾರು ಅಳೆಯೋಕೆ ಎರಡೂ ಕೈ ಚಾಚ್ತಾರಲ್ಲ ಆ ಒಂದು ಫ್ರೇಮಿಗೋಸ್ಕರ ಎಷ್ಟೋ ವರ್ಷದಿಂದ ಅಲ್ಲಿ ನಿಲ್ತಿದೀನಿ. ಅವತ್ತು ಅಲ್ಲೇ ಪಕ್ಕದ ರಸ್ತೆಗೆ ಫುಟ್‌ಪಾತ್ ಖಾಲಿ ಮಾಡ್ಸೋಕೆ ಪೊಲೀಸ್ ಜೀಪ್ ಬಂತು. ಇಳಿದೋರಲ್ಲಿ ಒಬ್ರು ಹೂವು ಮಾರೋ ಒಬ್ಬ ಅಜ್ಜಿ ಬುಟ್ಟೀನ ಕಾಲಲ್ಲಿ ದೂಡಿದ್ರು, ಬುಟ್ಟಿ ಮಗುಚ್ಕೊಂಡು ಹಳದಿ ಸೇವಂತಿಗೆ ಪೂರ್ತಿ ಚರಂಡಿ ಅಂಚಿಗೆ ಬಿತ್ತು. ಆ ಅಜ್ಜಿ ಕೂಗ್ಲೂ ಇಲ್ಲ, ಬೈಲೂ ಇಲ್ಲ, ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹೂವು ಆರಿಸಿ ಸೆರಗಿಗೆ ಹಾಕ್ಕೊಳ್ತಿದ್ರು. ನಾನು ಹತ್ತಡಿ ದೂರದಲ್ಲಿದ್ದೆ, 35 ಎಂಎಂ ಲೆನ್ಸ್, 11 ಫ್ರೇಮ್ ತೆಗೆದೆ.

"ಯಾರ ಪರ್ಮಿಷನ್ ತಗೊಂಡು ತೆಗೀತಿದೀಯಾ" ಅಂತ ಪೊಲೀಸ್ರು ಬಂದ್ರು. ನಾನು ಬಾಯಿ ಬಿಡೋದ್ರೊಳಗೆ ಸ್ಟ್ರಾಪ್ ಹಿಡ್ಕೊಂಡಾಗಿತ್ತು. ಡಿಲೀಟ್ ಮಾಡು, ಇಲ್ಲಾಂದ್ರೆ ಕ್ಯಾಮೆರಾ ಸ್ಟೇಷನ್ನಿಗೆ ಬರುತ್ತೆ, ಜೊತೇಲಿ ನೀನೂ ಬರ್ತೀಯ. ಮಧ್ಯಾಹ್ನ ಬೇಲೂರಲ್ಲಿ ಒಂದು ನಾಮಕರಣ ಒಪ್ಕೊಂಡಿದ್ದೆ, ಇರೋದು ಅದೊಂದೇ ಕ್ಯಾಮೆರಾ, ಅಡ್ವಾನ್ಸ್ ಬೇರೆ ಇಸ್ಕೊಂಡಿದೀನಿ. ನಿಕಾನ್‌ನಲ್ಲಿ ಡಿಲೀಟ್ ಬಟನ್ ಎರಡು ಸಲ ಒತ್ತಬೇಕು, ಅಂದ್ರೆ 11 ಫೋಟೊಗೆ 22 ಸಲ. ಅಷ್ಟೂ ಸಲ ನನ್ನ ಹೆಬ್ಬೆರಳಲ್ಲೇ ಒತ್ತಿದೀನಿ, ಪಕ್ಕದಲ್ಲಿ ನಿಂತು ಸ್ಕ್ರೀನ್ ನೋಡ್ತಾ ಇದ್ರು. ಆ ಸಂಕಟ ಈಗ್ಲೂ ಹೋಗಿಲ್ಲ ಕಣ್ರೀ.

ಆದ್ರೆ ಮೂಲೆ ತಿರುಗಿದ ತಕ್ಷಣ ಕಾರ್ಡ್ ತೆಗೆದು ಲಾಕ್ ಒತ್ತಿ ಜೇಬಿಗೆ ಹಾಕ್ದೆ, ನಾಮಕರಣಕ್ಕೆ ಬೇರೆ ಕಾರ್ಡ್ ಹಾಕ್ಕೊಂಡೆ. ಡಿಲೀಟ್ ಅಂದ್ರೆ ಫೋಟೊ ಅಳಿಸಿಹೋಗಲ್ಲ, ಕಾರ್ಡಲ್ಲಿರೋ ಲಿಸ್ಟಿಂದ ಅದರ ಹೆಸ್ರು ಮಾತ್ರ ಹೋಗುತ್ತೆ, ಅದೇ ಜಾಗದ ಮೇಲೆ ಹೊಸ ಫೋಟೊ ಬಂದು ಕೂತ್ರೆ ಆಗ ನಿಜವಾಗ್ಲೂ ಹೋಗುತ್ತೆ. ಹಾಗಾಗಿ ಡಿಲೀಟ್ ಮಾಡ್ಸಿದ ಮೇಲೆ ಆ ಕಾರ್ಡಲ್ಲಿ ಒಂದು ಫೋಟೊನೂ ತೆಗೀಬೇಡಿ, ಫಾರ್ಮ್ಯಾಟ್ ಅಂತೂ ಮಾಡ್ಲೇಬೇಡಿ. ರಾತ್ರಿ ಮನೇಲಿ ಫೋಟೊರೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ದೆ, ಅದು ಕಪ್ಪು ಸ್ಕ್ರೀನಲ್ಲಿ ಓಡುತ್ತೆ, ನೋಡಿದ್ರೆ ಭಯ ಆಗುತ್ತೆ ಆದ್ರೆ ಕಷ್ಟ ಇಲ್ಲ, ವಾಪಸ್ ಬರೋ ಫೈಲನ್ನ ಮಾತ್ರ ಅದೇ ಕಾರ್ಡಿಗೆ ಸೇವ್ ಮಾಡ್ಬಾರ್ದು, ಕಂಪ್ಯೂಟರಿಗೆ ಮಾಡ್ಬೇಕು. ಮೂರು ವಾರದ ಹಿಂದಿನ ಯಾರದ್ದೋ ಆರತಕ್ಷತೆ ಫೋಟೊ ಎಲ್ಲಾ ಎದ್ದು ಬಂತು, ಕೊನೇಗೆ ಆ ಹನ್ನೊಂದೂ ಬಂತು. ಫೈಲಿನ ಹೆಸ್ರು ಹೋಗಿ ಎಫ್ ಅಂತ ಶುರುವಾಗೋ ಉದ್ದ ನಂಬರ್ ಆಗಿತ್ತು, ಒಳಗಡೆ ತಾರೀಕು ಟೈಮ್ ಹಾಗೇ ಇತ್ತು, 7 ಗಂಟೆ 12 ನಿಮಿಷ. ಆದ್ರೆ ನನ್ನ ಕ್ಯಾಮೆರಾ ಗಡಿಯಾರ ಆರು ನಿಮಿಷ ಮುಂದಿತ್ತು, ಕಂಪ್ಲೇಂಟ್ ಬರೆಯೋವಾಗ ಅದು ದೊಡ್ಡ ತಲೆನೋವಾಯ್ತು, ಈಗ ಪ್ರತಿ ತಿಂಗ್ಳೂ ಫೋನ್ ನೋಡಿ ಸರಿ ಮಾಡ್ಕೊಳ್ತೀನಿ.

ಮಾರನೇ ದಿನ ಪರಿಚಯದ ವಕೀಲ್ರ ಹತ್ರ ಹೋದೆ. ಅವ್ರು ಹೇಳಿದ್ದು ಇಷ್ಟೇ, ಆದ್ರೆ ಇಷ್ಟು ಗೊತ್ತಿದ್ದಿದ್ರೆ ಅವತ್ತು ನಾನು ಆ ಬಟನ್ ಒತ್ತುತ್ತಲೇ ಇರ್ಲಿಲ್ಲ. ಸಾರ್ವಜನಿಕ ರಸ್ತೇಲಿ ಕಣ್ಣಿಗೆ ಕಾಣೋದನ್ನ ಫೋಟೊ ತೆಗೆಯೋದು ಅಪರಾಧ ಅನ್ನೋ ಸಾಮಾನ್ಯ ಕಾನೂನು ಎಲ್ಲೂ ಇಲ್ಲ, ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ನೆರಳು ಅದಕ್ಕಿದೆ. ಆ ಫೋಟೊ ಒಂದು ಅಪರಾಧಕ್ಕೆ ಸಂಬಂಧಪಟ್ಟಿದ್ದು ಅಂತ ಪೊಲೀಸ್ರಿಗೆ ಅನುಮಾನ ಬಂದ್ರೆ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿರೋ ಕಾನೂನು) 106ನೇ ಕಲಂ ಪ್ರಕಾರ ಜಪ್ತಿ ಮಾಡ್ಬಹುದು, ಮಾಡಿದ್ರೆ ಕೂಡ್ಲೇ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡ್ಬೇಕು, 105ನೇ ಕಲಂ ಪ್ರಕಾರ ಆ ಜಪ್ತೀನ ಅವ್ರೇ ವಿಡಿಯೊ ಮಾಡ್ಬೇಕು. ಸರಿ, ಫೋಟೊ ಅಪರಾಧಕ್ಕೆ ಸಾಕ್ಷಿ ಅಂತಾದ್ರೆ ಅದನ್ನ ಡಿಲೀಟ್ ಮಾಡ್ಸೋದು ಸಾಕ್ಷಿ ನಾಶ. ಅಪರಾಧನೇ ಇಲ್ಲ ಅಂತಾದ್ರೆ ಮುಟ್ಟೋಕೆ ಕಾರಣನೇ ಇಲ್ಲ. ಎರಡು ದಾರಿಲೂ ಡಿಲೀಟ್ ಅನ್ನೋ ಮಾತಿಗೆ ಜಾಗ ಎಲ್ಲಿದೆ ಹೇಳಿ.

ಫೋನ್ ಆದ್ರೂ ಅಷ್ಟೇ. ಪಾಸ್‌ವರ್ಡ್ ಕೊಡು ಅಂತ ತನಿಖಾಧಿಕಾರಿ ತಾನೇ ಆರ್ಡರ್ ಮಾಡೋಕಾಗಲ್ಲ, ಕೋರ್ಟಿಂದ ತರ್ಬೇಕು ಅಂತ 2021ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ಸ್ಟೇಷನ್ ಒಳಗೆ ವಿಡಿಯೊ ಮಾಡಿದ್ದಕ್ಕೆ ಅಧಿಕೃತ ರಹಸ್ಯ ಕಾಯ್ದೆ ಹಾಕಿದ್ದ ಕೇಸನ್ನ 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತೆಗೆದು ಹಾಕ್ತು, ಪೊಲೀಸ್ ಸ್ಟೇಷನ್ ಆ ಕಾಯ್ದೆಲಿರೋ ನಿಷಿದ್ಧ ಸ್ಥಳ ಅಲ್ಲ ಅಂತ. ಅದು 1923ರ ಕಾಯ್ದೆ, ಅದರ ಹೆಸ್ರು ಹೇಳಿ ಇವತ್ತಿಗೂ ಹೆದರಿಸ್ತಾರೆ.

ಎಲ್ಲಾ ಕಡೆ ನುಗ್ಗಿ ತೆಗೀಬಹುದು ಅಂತ ನಾನು ಹೇಳ್ತಿಲ್ಲ. ನಮ್ಮೂರಲ್ಲೇ ಸಾಲಗಾಮೆ ರಸ್ತೇಲಿ ಇಸ್ರೋದ ಎಂಸಿಎಫ್, ಅಂದ್ರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ, ಅದರ ಕಾಂಪೌಂಡ್ ಕಡೆ ಕ್ಯಾಮೆರಾ ಎತ್ತಲೇಬೇಡಿ, ಅಲ್ಲಿ ಕೇಳೋರಿಗೆ ಕೇಳೋ ಅಧಿಕಾರ ಇದೆ. ಬೇಲೂರು ಹಳೇಬೀಡಲ್ಲಿ ಕೈಲಿ ಹಿಡ್ಕೊಂಡು ತೆಗೆದ್ರೆ ತೊಂದ್ರೆ ಇಲ್ಲ, ಟ್ರೈಪಾಡ್ ಇಟ್ರೆ ಪುರಾತತ್ವ ಇಲಾಖೆ ಅನುಮತಿ ಬೇಕು, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿಯಾಗಿ ಕಾವಲೂ ಬಿಗಿಯಾಗಿದೆ. ಹೆಣ್ಮಕ್ಕಳ ಖಾಸಗಿ ಹೊತ್ತನ್ನ ಕದ್ದು ತೆಗೆದ್ರೆ ಬಿಎನ್‌ಎಸ್ (ಹಳೇ ಐಪಿಸಿ ಜಾಗಕ್ಕೆ ಬಂದಿರೋ ಕಾನೂನು) 77ನೇ ಕಲಂ, ಅದು ಜೈಲೇ, ಆಗಲೇಬೇಕು ಕೂಡ.

ಕಂಪ್ಲೇಂಟ್ ಬರೆಯೋಕೆ ಮುಂಚೆ ಅಜ್ಜಿ ಹತ್ರ ಹೋಗಿದ್ದೆ. ಫೋಟೊ ತೋರಿಸ್ದೆ. ತುಂಬಾ ಹೊತ್ತು ನೋಡಿದ್ರು. "ಹೂವು ಹಾಕಪ್ಪ, ಬುಟ್ಟಿ ಹಾಕು, ನನ್ ಮುಖ ಬ್ಯಾಡ, ನಾಳೀಕೂ ನಾನು ಇಲ್ಲೇ ಕೂರ್ಬೇಕು" ಅಂದ್ರು. ಹನ್ನೊಂದರಲ್ಲಿ ಅತಿ ಚೆನ್ನಾಗಿರೋದು ಅವರ ಮುಖ ಇರೋದೇ. ಅದನ್ನ ನಾನು ಯಾರಿಗೂ ತೋರ್ಸಿಲ್ಲ, ತೋರ್ಸೋದೂ ಇಲ್ಲ. ಬೂಟು, ಬುಟ್ಟಿ, ಹೂವು ಆರಿಸೋ ಕೈ ಇರೋ ಎರಡನ್ನ ಪ್ರಿಂಟ್ ಹಾಕ್ಸಿ ಕಂಪ್ಲೇಂಟ್ ಜೊತೆ ಪೊಲೀಸ್ ಮೇಲಧಿಕಾರಿ ಕಚೇರಿಗೆ ಕೊಟ್ಟು, ನನ್ನ ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಂಡೆ. ಈ ಸೀಲ್ ಇಲ್ದೆ ಅಲ್ಲಿಂದ ಎದ್ದು ಬರ್ಬೇಡಿ. ಎರಡು ವಾರ ಬಿಟ್ಟು ಕರೆಸಿದ್ರು, ಕೂರ್ಸಿ ಮಾತಾಡಿದ್ರು, ಹೇಳಿದೀವಿ ಇನ್ಮೇಲೆ ಹಾಗಾಗಲ್ಲ ಅಂದ್ರು, ಬರವಣಿಗೇಲಿ ಏನೂ ಕೊಡ್ಲಿಲ್ಲ.

ಅದಕ್ಕೇ ಆರ್‌ಟಿಐ ಹಾಕ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ಪ್ರಶ್ನೆ: ಸಾರ್ವಜನಿಕ ರಸ್ತೇಲಿ ತೆಗೆದ ಫೋಟೊ ಅಳಿಸುವಂತೆ ಸೂಚಿಸಲು ಅಧಿಕಾರ ಕೊಡುವ ಆದೇಶ ಅಥವಾ ಸುತ್ತೋಲೆಯ ಪ್ರತಿ ಕೊಡಿ. 30 ದಿನ ತುಂಬೋ ಹೊತ್ತಿಗೆ ಉತ್ತರ ಬಂತು, ಅಂಥ ಯಾವುದೇ ಆದೇಶ ಕಚೇರಿಯ ಕಡತದಲ್ಲಿ ಲಭ್ಯವಿರುವುದಿಲ್ಲ. ಅದನ್ನ ಲ್ಯಾಮಿನೇಟ್ ಮಾಡ್ಸಿ ಕ್ಯಾಮೆರಾ ಬ್ಯಾಗಲ್ಲಿ ಇಟ್ಕೊಂಡಿದೀನಿ.

ಈಗ ನಿಲ್ಲೋ ರೀತಿನೂ ಬದಲಾಯ್ಸಿದೀನಿ. ಪೊಲೀಸ್ರು ಕೆಲ್ಸ ಮಾಡೋ ಕಡೆ ದೂರ ಇರ್ತೀನಿ, ಯಾಕಂದ್ರೆ ಕರ್ತವ್ಯಕ್ಕೆ ಅಡ್ಡಿ ಅಂತ ಬಿಎನ್‌ಎಸ್ 221ನೇ ಕಲಂ ಹಾಕೋದು ಸುಲಭ, ಕೈ ತಗುಲಿದ್ರೆ 132ಕ್ಕೆ ಹೋಗುತ್ತೆ, ಹಾಗಾಗಿ ಸ್ಟ್ರಾಪ್ ಎಳೆದ್ರೂ ನಾನು ವಾಪಸ್ ಎಳೆಯಲ್ಲ, ಎರಡೂ ಕೈ ಕೆಳಗೆ ಬಿಟ್ಟು ಜೋರಾಗಿ ಮಾತಾಡ್ತೀನಿ, ಸುತ್ತ ಇರೋರಿಗೆ ಕೇಳ್ಲಿ ಅಂತ. ಸರ್, ಜಪ್ತಿ ಮಾಡೋದಾದ್ರೆ ಮಹಜರ್ ಬರೀರಿ, ನಾನು ಸಹಿ ಹಾಕ್ತೀನಿ, ಡಿಲೀಟ್ ಮಾತ್ರ ಮಾಡಲ್ಲ. ಇಷ್ಟೇ ವಾಕ್ಯ, ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿ ಅಭ್ಯಾಸ ಮಾಡಿದೀನಿ, ಏಕವಚನದಲ್ಲಿ ಬೈದ್ರೂ ನನ್ನ ಬಾಯಲ್ಲಿ ಸರ್ ತಪ್ಪಲ್ಲ.

ಈ ಡಿಸೆಂಬರಲ್ಲಿ ದತ್ತ ಜಯಂತಿ ಟೈಮಿಗೆ ಚಿಕ್ಕಮಗಳೂರಿಗೆ ಹೋಗಿದ್ದೆ, ಆಜಾದ್ ಪಾರ್ಕ್ ಸರ್ಕಲ್ ಹತ್ರ ಹೆಜ್ಜೆಗೊಬ್ರು ಪೊಲೀಸ್. ಒಬ್ರು ಎಸ್‌ಐ ಬಂದು ಯಾರು ನೀವು, ಏನ್ ತೆಗೀತಿದೀರಿ ಅಂದ್ರು. ಹೆಸ್ರು ಹೇಳ್ದೆ, ಸ್ಟುಡಿಯೊ ಕಾರ್ಡ್ ಕೊಟ್ಟೆ. ತೆಗೆದಿದ್ದನ್ನ ಅಳಿಸಿ ಅಂದ್ರು. ಮಹಜರ್ ಮಾತು ಹೇಳಿ, ಲ್ಯಾಮಿನೇಷನ್ ತೆಗೆದು ಕೈಗಿಟ್ಟೆ. ನಿಂತಲ್ಲೇ ಎರಡು ಸಲ ಓದಿದ್ರು. ಆಮೇಲೆ ತಮ್ಮ ಫೋನ್ ತೆಗೆದು ಅದರದ್ದೊಂದು ಫೋಟೊ ಹೊಡ್ಕೊಂಡು, ವಾಪಸ್ ಕೊಟ್ಟು, ಬ್ಯಾರಿಕೇಡ್ ಹಿಂದೆ ನಿಂತ್ಕೊಳ್ಳಿ, ರಸ್ತೆಗೆ ಇಳೀಬೇಡಿ ಅಂದ್ರು. ಬ್ಯಾರಿಕೇಡ್ ಹಿಂದೆ ಹೋಗಿ ನಿಂತೆ, ಸಂಜೆ ತನಕ ತೆಗೆದೆ.