ಅರ್ಧಕ್ಕೇ ಮುರಿಯುವ ಕನಸು: ನಾನು ಬರೆದಿಟ್ಟ ಐದು ತಿಂಗಳು

ನನ್ನ ಗಂಡ ದುಬೈಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬರುತ್ತಾರೆ, ಒಂದು ತಿಂಗಳು ಇದ್ದು ಹೋಗುತ್ತಾರೆ. ಮಲ್ಪೆಯಲ್ಲಿ ಇಂಥ ಮನೆ ನಮ್ಮದೊಂದೇ ಅಲ್ಲ. ಅವರು ಹೋಗಿ ಎರಡು ಮೂರು ವಾರ ಆಗುವಾಗ ನನಗೆ ಕನಸು ಶುರುವಾಗುತ್ತದೆ. ಇದೇ ಕೋಣೆ, ಇದೇ ಮಂಚ. ಪಕ್ಕದಲ್ಲಿ ಬಂದು ಮಲಗುತ್ತಾರೆ, ತಲೆಗೂದಲಲ್ಲಿ ಕೈಯಾಡಿಸುತ್ತಾರೆ, ನನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಇನ್ನೇನು ಅನ್ನುವಾಗ ಎಚ್ಚರ. ಪ್ರತಿ ಸಲವೂ ಅಲ್ಲಿಗೇ.

ನನ್ನ ಮನಸ್ಸಿನಲ್ಲೇ ಏನೋ ಅಳುಕು ಇದೆ, ಅದು ತಡೆಯುತ್ತಿದೆ ಅಂತ ತುಂಬಾ ದಿನ ನಂಬಿದ್ದೆ. ಗೆಳತಿಯೊಬ್ಬಳಿಗೆ ಮೆಲ್ಲಗೆ ಹೇಳಿದೆ. ಅವಳ ಗಂಡನೂ ಹೊರದೇಶದಲ್ಲಿ. "ನಂಗೂ ಹಾಗೇ ಆಗುವುದು ಮಾರಾಯ್ತಿ. ಯಾರಿಗೆ ಹೇಳುವುದು ಇದನ್ನೆಲ್ಲ?" ಎಂದಳು.

ಕಳೆದ ಏಪ್ರಿಲ್‌ನಲ್ಲಿ ಬರೆದಿಡಲು ಶುರು ಮಾಡಿದೆ. ಮಗಳ ನೋಟ್‌ಬುಕ್‌ನಲ್ಲಿ ಉಳಿದ ಹಾಳೆಗಳು, ಒಂದು ಪೆನ್ಸಿಲ್. ಎಚ್ಚರವಾದ ಕೂಡಲೇ ಕಣ್ಣು ತೆರೆಯಬಾರದು, ಮಗ್ಗುಲು ಬದಲಿಸಬಾರದು. ಕನಸಿನ ಕೊನೆಯ ತುಣುಕನ್ನು ಮೊದಲು ಹಿಡಿದು, ಅಲ್ಲಿಂದ ಹಿಂದೆ ಹಿಂದೆ ಹೋಗಬೇಕು. ಮೊಬೈಲ್ ಮುಟ್ಟಿದರೆ ಎಲ್ಲ ಹೋಯಿತು. ಎಷ್ಟು ಗಂಟೆ, ಯಾವುದರಿಂದ ಎಚ್ಚರವಾಯಿತು, ಕನಸು ಎಲ್ಲಿಯವರೆಗೆ ಬಂತು, ಇಷ್ಟೇ ಬರೆಯುತ್ತಿದ್ದೆ.

ಒಂದೂವರೆ ತಿಂಗಳಲ್ಲಿ ಒಂದು ವಿಷಯ ಎದ್ದು ಕಂಡಿತು. ಹೆಚ್ಚಿನವು ಮುರಿದದ್ದು ಬೆಳಗ್ಗೆ 4ರಿಂದ 5ರ ನಡುವೆ. ಬಂದರಿಗೆ ಐಸ್ ಒಯ್ಯುವ ಟೆಂಪೋಗಳ ಸದ್ದು ಆಗಲೇ. ನನ್ನ ಅಲಾರಂ 5ಕ್ಕೆ. ನಮ್ಮ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಒಂದೊಂದು ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡಾಡುವ ನಿದ್ದೆ ಬರುತ್ತದೆ. ಅದಕ್ಕೆ ರೆಮ್ ನಿದ್ದೆ ಅನ್ನುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಇದರಲ್ಲೇ. ರಾತ್ರಿಯ ಮೊದಲ ಸುತ್ತಿನಲ್ಲಿ ಅದು ಕೆಲವೇ ನಿಮಿಷ, ಬೆಳಗಿನ ಜಾವಕ್ಕೆ ಅರ್ಧ ಗಂಟೆಯೂ ಇರಬಹುದು. ಅಂದರೆ ನನ್ನ ಅತಿ ಉದ್ದದ ಕನಸಿನ ಹೊತ್ತೂ ಟೆಂಪೋಗಳ ಹೊತ್ತೂ ಒಂದೇ.

ಜೂನ್ 1ಕ್ಕೆ ಟ್ರಾಲಿಂಗ್ ರಜೆ, ಅಂದರೆ ಮಳೆಗಾಲದ ಮೀನುಗಾರಿಕೆ ನಿಷೇಧ, ಶುರುವಾಯಿತು. ಜುಲೈ 31ರವರೆಗೆ ಬೋಟುಗಳು ದಕ್ಕೆಯಲ್ಲೇ. ಟೆಂಪೋ ಇಲ್ಲ, ಹಂಚಿನ ಮೇಲೆ ಮಳೆ ಒಂದೇ ಸಮನೆ. ಅಲಾರಂ ಅನ್ನು 6:15ಕ್ಕೆ ಇಟ್ಟೆ. ಕನಸುಗಳು ಉದ್ದವಾದವು. ಹಾಗಿದ್ದರೂ ಮುರಿಯುತ್ತಿದ್ದವು.

ಆಗ ನೋಟ್‌ಬುಕ್‌ನಲ್ಲಿ ಬೇರೆ ಕನಸುಗಳನ್ನೂ ನೋಡಿದೆ. ಬಾವಿಗೆ ಬೀಳುವ ಕನಸೂ ನೀರು ಮುಟ್ಟುವ ಮುಂಚೆಯೇ ಮುರಿದಿತ್ತು! ಅದರಲ್ಲಿ ಯಾವ ಅಳುಕು, ಯಾವ ತಪ್ಪು? ರೆಮ್ ನಿದ್ದೆಯಲ್ಲಿ ಕೈಕಾಲು ಸಡಿಲ, ಆದರೆ ಎದೆಬಡಿತ, ಉಸಿರು ಏರುಪೇರಾಗುತ್ತವೆ. ಗಂಡಸಿಗಾಗಲಿ ಹೆಂಗಸಿಗಾಗಲಿ ಗುಪ್ತಾಂಗಕ್ಕೆ ರಕ್ತದ ಹರಿವೂ ಹೆಚ್ಚುತ್ತದೆ, ಕನಸು ಯಾವುದೇ ಇರಲಿ. ಬೆಳಗಿನ ಜಾವದ ಅಂಥ ತೆಳು ನಿದ್ದೆಯಲ್ಲಿ ಭಯವೋ ಆಸೆಯೋ ಜೋರಾದರೆ ಎಚ್ಚರವಾಗಿಬಿಡುತ್ತದೆ. ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಇದು ಗೊತ್ತಾದ ದಿನ ನಾನು ಅತ್ತುಬಿಟ್ಟೆ.

ಇನ್ನೊಂದು ಮಾತು. ನಡುವೆ ಎಚ್ಚರವಾದರೆ ಮಾತ್ರ ಕನಸು ಚೆನ್ನಾಗಿ ನೆನಪಿರುತ್ತದೆ. ಕೊನೆಯವರೆಗೆ ನಡೆದು, ಹಾಗೇ ನಿದ್ದೆಗೆ ಜಾರಿದ ಕನಸು ಹೆಚ್ಚಾಗಿ ಅಳಿಸಿಹೋಗುತ್ತದೆ. ಹಾಗಾಗಿ ನನ್ನ ಪುಸ್ತಕದಲ್ಲಿ ಮುರಿದವೇ ತುಂಬಿದ್ದವು. ದೊಡ್ಡ ಕಣ್ಣಿನ ಬಲೆ ಬೀಸಿ ಕಡಲಲ್ಲಿ ಸಣ್ಣ ಮೀನೇ ಇಲ್ಲ ಅಂದ ಹಾಗೆ ಅಲ್ವಾ? ಅಮೆರಿಕದ ಆಲ್ಫ್ರೆಡ್ ಕಿನ್ಸೆ 1953ರಲ್ಲೇ ಪ್ರಕಟಿಸಿದ ಸಮೀಕ್ಷೆಯಲ್ಲಿ, 45 ವರ್ಷದೊಳಗೆ ಕನಸಿನಲ್ಲೇ ಸುಖದ ತುದಿ ಮುಟ್ಟಿದ್ದೇವೆ ಎಂದ ಹೆಂಗಸರು ಶೇ. 37ರಷ್ಟು. ನಮ್ಮಲ್ಲಿ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಸ್ಟ್ಯಾನ್‌ಫೋರ್ಡ್‌ನಲ್ಲಿ ಕನಸಿನ ಬಗ್ಗೆ ಸಂಶೋಧನೆ ಮಾಡಿದ ಸ್ಟೀಫನ್ ಲಾಬರ್ಜ್ ಕನಸು ಮುರಿಯದ ಹಾಗೆ ಹೇಳಿಕೊಟ್ಟ ಒಂದು ಉಪಾಯವನ್ನೂ ಮಾಡಿ ನೋಡಿದೆ. ಇದು ಕನಸು ಅಂತ ಕನಸಿನಲ್ಲೇ ಗೊತ್ತಾದರೆ ಗಾಬರಿಯಾಗದೆ, ಆ ಕನಸಿನ ಅಂಗೈಗಳನ್ನು ಒಂದಕ್ಕೊಂದು ಉಜ್ಜಬೇಕು. ನನಗೆ ಸಿಕ್ಕಿದ್ದು ಎರಡು ಸಲ. ಒಂದು ಸಲ ಕೂಡಲೇ ಎಚ್ಚರವಾಯಿತು. ಇನ್ನೊಂದು ಸಲ, ಜುಲೈ ಕೊನೆಯ ವಾರ, ಅವರು ಹೋಗಲಿಲ್ಲ. ಕೊನೆಯವರೆಗೂ ಇದ್ದರು.

ಆಗಸ್ಟ್‌ನಲ್ಲಿ ಟೆಂಪೋಗಳು ಮತ್ತೆ ಬಂದವು. ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದೆ. ಒಂದು ರಾತ್ರಿ ಫೋನಿನಲ್ಲಿ ಅವರಿಗೆ ಎಲ್ಲ ಹೇಳಿದೆ. ಇಲ್ಲಿ ಹತ್ತೂವರೆ, ಅಲ್ಲಿ ಒಂಬತ್ತು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನೀನು ಈಗ ಎಷ್ಟು ಗಂಟೆಗೆ ಏಳುವುದು?" ಎಂದು ಕೇಳಿದರು. ಆರೂಕಾಲು ಎಂದೆ. ಅವರ ರೂಮಿನಲ್ಲಿ ಆರು ಮಂದಿ ಇದ್ದಾರೆ. ಮೊದಲ ಅಲಾರಂ ಹೊಡೆಯುವುದು ನಾಲ್ಕಕ್ಕೆ.