ಕಾಲು ತೆಗೆದ್ರೆ ಪೆಟ್ರೋಲ್ ಬಂದ್ ಆಗತ್ತೆ, ಆದ್ರೆ ಗಾಡಿ ಗೇರಲ್ಲಿರ್ಬೇಕು

ಇಳಿಜಾರು ಬಂತು ಅಂದ್ರೆ ಸಾಕು, ನ್ಯೂಟ್ರಲ್‌ಗೆ ಹಾಕಿ ಗಾಡಿ ಬಿಟ್ಬಿಡೋರು ಈಗ್ಲೂ ತುಂಬಾ ಜನ ಇದಾರೆ, ಪೆಟ್ರೋಲ್ ಉಳಿಯತ್ತೆ ಅಂತ. ಕಾರ್ಬುರೇಟರ್ ಕಾಲದಲ್ಲಿ ಆ ಮಾತಿಗೆ ಅರ್ಥ ಇತ್ತೇನೋ, ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಷನ್ ಕಾರಲ್ಲಿ ಲೆಕ್ಕಾನೇ ಬೇರೆ.

ಮೊದ್ಲು ಒಳಗೆ ಏನಾಗತ್ತೆ ನೋಡೋಣ. ಆಕ್ಸಿಲರೇಟರಿಂದ ಪೂರ್ತಿ ಕಾಲು ತೆಗೆದಿದೀರ ಅಂತ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಸೆನ್ಸರ್ ಇಸಿಯುಗೆ, ಅಂದ್ರೆ ಇಂಜಿನ್ನಿನ ಕಂಪ್ಯೂಟರ್‌ಗೆ ಹೇಳತ್ತೆ, ಇಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಕ್ರ್ಯಾಂಕ್ ಸೆನ್ಸರ್, ಬಿಸಿ ಆಗಿದ್ಯಾ ಅಂತ ಕೂಲಂಟ್ ಸೆನ್ಸರ್. ಥ್ರಾಟಲ್ ಮುಚ್ಚಿದೆ, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋ ಲೆಕ್ಕ) ಐಡ್ಲಿಂಗ್‌ಗಿಂತ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡೋ ವೇಗಕ್ಕಿಂತ, ಸಾಕಷ್ಟು ಮೇಲಿದೆ, ಇಂಜಿನ್ ಬಿಸಿಯಾಗಿದೆ ಅಂತಾದ್ರೆ ಒಂದರೆಗಳಿಗೆಯಲ್ಲಿ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ಗೆ ಹೋಗೋ ಕರೆಂಟ್ ಪಲ್ಸ್ ನಿಂತೋಗತ್ತೆ. ಕಮ್ಮಿ ಆಗೋದಲ್ಲ, ಪೂರ್ತಿ ಬಂದ್. ಹಾಗಾದ್ರೆ ಇಂಜಿನ್ ಆಫ್ ಆಗಲ್ವಾ? ಆಗಲ್ಲ, ಯಾಕಂದ್ರೆ ಗಾಡಿ ಗೇರಲ್ಲಿದೆ, ಉರುಳ್ತಿರೋ ಚಕ್ರಾನೇ ಗೇರ್‌ಬಾಕ್ಸ್, ಕ್ಲಚ್ ಮೂಲಕ ಇಂಜಿನ್ನನ್ನ ತಿರುಗಿಸ್ತಿರತ್ತೆ.

ನ್ಯೂಟ್ರಲ್‌ಗೆ ಹಾಕಿದ್ರೆ ಈ ಕೊಂಡಿ ಕಳಚತ್ತೆ. ಆಗ ಇಂಜಿನ್ ತನ್ನ ಪಾಡಿಗೆ ತಾನು ಐಡ್ಲಿಂಗ್‌ನಲ್ಲಿ ಓಡ್ಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಸಣ್ಣ ಕಾರಾದ್ರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಅಂದಾಜು.

ಈಗ ಓಡಿಸೋ ವಿಷ್ಯ. ಮುಂದೆ ಸಿಗ್ನಲ್ ಕೆಂಪಾಗಿದೆ ಅಂತ ದೂರದಿಂದ್ಲೇ ಕಂಡ್ರೆ ಆಗ್ಲೇ ಕಾಲು ತೆಗೀರಿ, ಕ್ಲಚ್ ಮುಟ್ಬೇಡಿ, ಇದ್ದ ಗೇರಲ್ಲೇ ಬರ್ಲಿ. ಆರ್‌ಪಿಎಂ ಇಳೀತಾ ಇಳೀತಾ 1000ದಿಂದ 1500ರ ಮಧ್ಯ ಎಲ್ಲೋ ಬಂದಾಗ ಇಸಿಯು ತಾನಾಗೇ ಮತ್ತೆ ಪೆಟ್ರೋಲ್ ಬಿಡತ್ತೆ, ಇಲ್ಲಾಂದ್ರೆ ಇಂಜಿನ್ ನಿಂತೋಗತ್ತಲ್ಲ (ಕಾರಿಂದ ಕಾರಿಗೆ ಈ ನಂಬರ್ ಬೇರೆ, ಎಸಿ ಹಾಕಿದ್ರೆ ಸ್ವಲ್ಪ ಮೇಲೇನೇ ಇರಬಹುದು). ಆವಾಗ ಒಂದು ಗೇರ್ ಇಳಿಸಿದ್ರೆ ಆರ್‌ಪಿಎಂ ಏರಿ ಪೆಟ್ರೋಲ್ ಮತ್ತೆ ಬಂದ್ ಆಗತ್ತೆ. ಆಟೋಮ್ಯಾಟಿಕ್ ಆದ್ರೆ ಡಿ ಯಲ್ಲೇ ಬಿಡಿ, ಅಷ್ಟೇ.

ಹಾಗಂತ ಎಲ್ಲಾ ಕಡೆ ಇದೇ ಲಾಭ ಅಂತಲೂ ಇಲ್ಲ. ಗೇರಲ್ಲಿದ್ರೆ ಇಂಜಿನ್ ಗಾಡೀನ ಹಿಡಿದು ಎಳೆಯತ್ತೆ, ನಿಲ್ಲಿಸ್ಬೇಕಾದಾಗ, ಇಳಿಜಾರಲ್ಲಿ ಸ್ಪೀಡ್ ಕಂಟ್ರೋಲ್ ಮಾಡ್ಬೇಕಾದಾಗ ಅದೇ ಬೇಕು, ಬ್ರೇಕೂ ಬಿಸಿಯಾಗಲ್ಲ. ಆದ್ರೆ ಸಮತಟ್ಟು ರೋಡಲ್ಲಿ ಸುಮ್ನೆ ಕಾಲು ತೆಗೆದು ಸ್ಪೀಡ್ ಕಳ್ಕೊಂಡು ಆಮೇಲೆ ಮತ್ತೆ ಆಕ್ಸಿಲರೇಟರ್ ಒತ್ತಿದ್ರೆ ಉಳಿಸಿದ್ದೆಲ್ಲಾ ಅಲ್ಲೇ ಹೋಯ್ತು. ಅಲ್ಲಿ ಒಂದೇ ಸಮ ಹೋಗೋದೇ ವಾಸಿ. ಇನ್ನು ಇಳಿಜಾರಲ್ಲಿ ಕೀ ಆಫ್ ಮಾಡೋ ಮಹಾನುಭಾವರು: ಬ್ರೇಕ್ ಹಗುರ ಮಾಡೋ ಬೂಸ್ಟರ್‌ಗೆ ಇಂಜಿನ್ನಿಂದ ವ್ಯಾಕ್ಯೂಮ್ ಸಿಗಲ್ಲ, ಪವರ್ ಸ್ಟೀರಿಂಗ್ ಹೋಗತ್ತೆ, ಕೀ ಎಳೆದ್ರೆ ಸ್ಟೀರಿಂಗೇ ಲಾಕ್ ಆಗಬಹುದು. ದಯವಿಟ್ಟು ಬೇಡ.

ಕಣ್ಣಾರೆ ನೋಡ್ಬೇಕು ಅನ್ನೋರು ಒಂದು ಓಬಿಡಿ ಸ್ಕ್ಯಾನರ್ (ಇಸಿಯು ಒಳಗಿನ ಲೆಕ್ಕ ಓದಿ ತೋರಿಸೋ ಸಾಧನ) ಹಾಕಿ, ಸ್ಕ್ರೀನ್ ನೋಡೋ ಕೆಲ್ಸ ಪಕ್ಕದಲ್ಲಿ ಕೂತೋರಿಗೆ ಬಿಡಿ. ಕೆಲವು ಆ್ಯಪ್‌ಗಳು ಒಳಗೆ ಹೋಗೋ ಗಾಳಿ ಲೆಕ್ಕ ಹಿಡಿದು ಪೆಟ್ರೋಲ್ ಅಂದಾಜು ಮಾಡೋದ್ರಿಂದ, ಬಂದ್ ಆಗಿದ್ರೂ ಏನೋ ಒಂದು ನಂಬರ್ ತೋರಿಸ್ತಿರತ್ವೆ, ಅದನ್ನ ನಂಬ್ಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ (ಹೊಗೆ ಶುದ್ಧ ಮಾಡೋ ಡಬ್ಬಿ) ಮುಂಚೆ ಇರೋ, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಮಾಮೂಲಿ ಥರದ್ದಾಗಿದ್ರೆ ಅದರ ವೋಲ್ಟೇಜ್ ನೋಡಿ. ಗಾಡಿ ಓಡ್ವಾಗ 0.1ರಿಂದ 0.9 ವೋಲ್ಟ್ ಮಧ್ಯ ಕುಣೀತಿರೋದು, ಕಾಲು ತೆಗೆದ ಸ್ವಲ್ಪ ಹೊತ್ತಿಗೆ ಸೊನ್ನೆ ಹತ್ರ ಹೋಗಿ ಕೂತ್ಕೊಳ್ಳತ್ತೆ. ಅಂದ್ರೆ ಸೈಲೆನ್ಸರಲ್ಲಿ ಆಗ ಹೋಗ್ತಿರೋದು ಬರೀ ಗಾಳಿ.